ಮೊದಲು ಮೇಲಕ್ಕೆ, ಆಮೇಲೆ ಪಕ್ಕಕ್ಕೆ

೧೨ ಡಿಸೆಂಬರ್ ೧೯೭೭, ಸೋಮವಾರ. ನಾಲತವಾಡ

ಅಕ್ಕನ ಮನೆಗೆ ಬಂದು ಒಂಬತ್ತು ದಿನವಾಯಿತು. ಬಲಗಾಲು ಪ್ಲಾಸ್ಟರಿನಲ್ಲಿದೆ. ನನ್ನ ನೌಕರಿಯ ಊರು ಇಂಡಿಯ ಹತ್ತಿರ ಒಂದು ಹೊಲದ ಹದ್ದು ಅಳೆಯುವಾಗ, ದೂರದ ಕೋಲಿನ ಮೇಲೆ ಕಣ್ಣಿಟ್ಟು ಹಿಂದಕ್ಕೆ ಸರಿಯುತ್ತ ಒಡ್ಡಿನಿಂದ ಕೆಳಗೆ ಬಿದ್ದೆ. ಮೋಜಣಿ ಇಲಾಖೆಯಲ್ಲಿ ಇಪ್ಪತ್ತಾರು ವರ್ಷ ಜನರ ಭೂಮಿ ಅಳೆದವನು ತಾನು ನಿಂತ ಭೂಮಿ ನೋಡಿಕೊಳ್ಳಲಿಲ್ಲ. ಮೂರು ತಿಂಗಳ ರಜೆ ಕೊಟ್ಟಿದ್ದಾರೆ. ಕ್ವಾರ್ಟರ್ಸಿನಲ್ಲಿ ನೀರು ಕೊಡುವವರೂ ಇಲ್ಲವೆಂದು ಭಾವ ರಾಚಪ್ಪ ಬಂದು ಬಸ್ಸಿಗೆ ಹತ್ತಿಸಿಕೊಂಡು ಬಂದ.

ಈ ಮನೆಯಲ್ಲಿ ನನ್ನ ಮಗಳೂ ಇದ್ದಾಳೆ. ಅವಳ ತಾಯಿ ಸಾವಂತ್ರವ್ವ ತೀರಿಕೊಂಡಾಗ ಅವಳಿಗೆ ನಾಲ್ಕು ವರ್ಷ. ಸಿಂದಗಿ, ಬಾಗೇವಾಡಿ, ಇಂಡಿ ಎಂದು ತಿರುಗುವ ನೌಕರಿ ನನ್ನದು. ರುಕ್ಮವ್ವಕ್ಕನ ಕೈಗೆ ಕೊಟ್ಟು ಹೋದೆ. ಹನ್ನೊಂದು ವರ್ಷವಾಯಿತು. ವರ್ಷಕ್ಕೊಮ್ಮೆ ಬಂದಾಗ ಹುಡುಗಿ ಬಾಗಿಲ ಹಿಂದೆ ನಿಂತಿರುತ್ತಿದ್ದಳು. ಈಗ ಬೆಳಿಗ್ಗೆ ಚಹಾ ತಂದು ಸ್ಟೂಲಿನ ಮೇಲಿಟ್ಟು ಹೋಗುತ್ತಾಳೆ. ನನ್ನನ್ನು ಏನೆಂದೂ ಕರೆಯುವುದಿಲ್ಲ. ಅದರಿಂದ ನನಗೆ ತೊಂದರೆಯೇನಿಲ್ಲ.

೧೯ ಡಿಸೆಂಬರ್, ಸೋಮವಾರ

ಹುಡುಗಿ ಹತ್ತನೇ ಇಯತ್ತೆ. ಆರು ತಿಂಗಳ ಪರೀಕ್ಷೆಯಲ್ಲಿ ಗಣಿತಕ್ಕೆ ನೂರಕ್ಕೆ ಹತ್ತೊಂಬತ್ತು. ಉಳಿದ ಎಲ್ಲದರಲ್ಲೂ ಪಾಸು.

ಊಟದ ಹೊತ್ತಿನಲ್ಲಿ ರಾಚಪ್ಪ ಹೇಳಿದ: ಸಿಂದಗಿ ಕಡೆಯ ಕನ್ನೊಳ್ಳಿಯಿಂದ ಹೆಣ್ಣು ಕೇಳಿದ್ದಾರೆ, ಅವನ ದೂರದ ಬೀಗರು. ಮಾರ್ಚಿನಲ್ಲಿ ಪಾಸಾದರೆ ಓದಲಿ, ನಪಾಸಾದರೆ ಬೇಸಿಗೆಯಲ್ಲೇ ಲಗ್ನ. ಅವನು ಕೆಟ್ಟ ಮನುಷ್ಯನಲ್ಲ. ಹೊಲದ ಹದ್ದು ಹೇಳಿದ ಹಾಗೆ ಹೇಳಿ ಮಜ್ಜಿಗೆ ಹಾಕಿಸಿಕೊಂಡ. ಹುಡುಗಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುವ ಸದ್ದು ಸ್ವಲ್ಪವೂ ತಪ್ಪಲಿಲ್ಲ. ಕೇಳಿಸಿಕೊಳ್ಳಲಿಲ್ಲವೇನೋ ಎಂದುಕೊಂಡೆ.

ಆಮೇಲೆ ಅಕ್ಕ ನನ್ನ ಹಾಸಿಗೆಯ ಹತ್ತಿರ ಬಂದು ಕುಳಿತಳು. “ತಮ್ಮಾ, ಸುಮ್ಮನ ಗ್ವಾಡಿ ನೋಡಕೋತ ಬಿದ್ದೀದಿ. ಆಕೀಗಿ ಒಂದೀಟು ಗಣಿತ ಹೇಳಿಕೊಡು. ಊರ ಮಂದಿ ಹೊಲಾ ಎಲ್ಲಾ ಅಳದಾಂವ, ಮಗಳಿಗೆ ಹೇಳಾಕ ಬರೂದಿಲ್ಲೇನು?”

ಹೊತ್ತು ಹೋಗಬೇಕಲ್ಲ, ಒಪ್ಪಿಕೊಂಡೆ.

೨೧ ಡಿಸೆಂಬರ್, ಬುಧವಾರ

ಈಗಿನ ಗಣಿತವೇ ಬೇರೆ. ನಾನು ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿದಾಗ ಪುಸ್ತಕದಲ್ಲಿ ಇವು ಯಾವೂ ಇರಲಿಲ್ಲ. ಆದರೆ ಗ್ರಾಫ್ ಎಂಬ ಅಧ್ಯಾಯ ತೆರೆದಾಗ ನನ್ನ ಮೇಜಿನ ಮುಂದೆ ಕುಳಿತ ಹಾಗಾಯಿತು. ಚೌಕುಳಿ ಹಾಳೆ, ಎರಡು ಗೆರೆ, ಎರಡು ಅಂಕಿ, ಒಂದು ಚುಕ್ಕೆ. ನಾನು ಇಷ್ಟು ವರ್ಷ ಮಾಡಿದ್ದು ಇದನ್ನೇ.

ಹುಡುಗಿಗೆ ಒಂದು ಬಿಂದು ಗುರುತಿಸಲು ಹೇಳಿದೆ. ಅವಳು ಮನೆಗಳನ್ನು ಎಣಿಸಿ ಚೌಕದ ನಡುವೆ ಚುಕ್ಕೆ ಇಟ್ಟಳು. ಇನ್ನೊಂದು ಹೇಳಿದೆ, ಅದನ್ನೂ ಚೌಕದ ಹೊಟ್ಟೆಯಲ್ಲೇ ಇಟ್ಟಳು. ಯಾಕೆ ಎಂದು ಕೇಳಿದರೆ ಮತ್ತೆ ಮನೆ ಎಣಿಸಿ ತೋರಿಸಿದಳು. ಸ್ವಲ್ಪ ಹೊತ್ತು ಅವಳ ಬೆರಳು ಎಣಿಸುವುದನ್ನು ನೋಡಿದ ಮೇಲೆ ತಿಳಿಯಿತು. ಅವಳು ಚೌಕಾಬಾರದ ಕಾಯಿ ನಡೆಸುತ್ತಿದ್ದಳು. ಆ ಆಟದಲ್ಲಿ ಕಾಯಿ ಕೂಡುವುದು ಮನೆಯೊಳಗೆ.

“ಹುಲಿ-ಕುರಿ ಆಡೀಯೇನು?” ಎಂದೆ.

“ಹೂಂ ರೀ.”

“ಅದರಾಗ ಹುಲಿ ಎಲ್ಲಿ ಕೂಡತೈತಿ?”

ಅವಳು ರಬ್ಬರ್ ತೆಗೆದುಕೊಂಡು ಎರಡೂ ಚುಕ್ಕೆ ಅಳಿಸಿ, ಗೆರೆಗಳು ಕೂಡುವ ಕಡೆ ಇಟ್ಟಳು. ಮಾಸ್ತರರು ನಾಲ್ಕು ತಿಂಗಳಲ್ಲಿ ಕಾಣದ್ದು ನನಗೆ ಒಂದು ಗಂಟೆಯಲ್ಲಿ ಕಂಡಿತು. ಇದನ್ನು ಇಲ್ಲಿ ಬರೆದಿಡಲು ನಾಚಿಕೆಯೇನಿಲ್ಲ.

೨೩ ಡಿಸೆಂಬರ್, ಶುಕ್ರವಾರ

ಇಂದು ಸ್ವಲ್ಪ ತಕರಾರಾಯಿತು. ಎರಡು, ಐದು ಎಂಬ ಬಿಂದು ಕೊಟ್ಟಿದ್ದೆ. ಅವಳು ಎರಡು ಮನೆ ಅಡ್ಡ ಹೋಗಿ ಐದು ಮನೆ ಮೇಲೆ ಏರಿದಳು. ನಾನು ತಿದ್ದಿದೆ. ಮೊದಲು ಮೇಲಕ್ಕೆ, ಆಮೇಲೆ ಪಕ್ಕಕ್ಕೆ. ನಮ್ಮ ಅಳತೆ ಪುಸ್ತಕವನ್ನು ಹಾಳೆಯ ಬುಡದಿಂದ ಮೇಲಕ್ಕೆ ಬರೆಯುತ್ತ ಹೋಗುವುದು ಪದ್ಧತಿ. ಸರಪಳಿ ಎಷ್ಟು ದೂರ ಹೋಯಿತೋ ಅದು ಮೊದಲ ಅಂಕಿ. ಅಲ್ಲಿಂದ ಎಡಕ್ಕೋ ಬಲಕ್ಕೋ ಹದ್ದಿನ ಕಲ್ಲು ಎಷ್ಟು ದೂರವೋ ಅದು ಎರಡನೆಯದು.

“ನಮ್ಮ ಮಾಸ್ತರ್ರು ಮೊದಲ ಅಡ್ಡ ಹೋಗ್ತಾರ್ರಿ” ಎಂದಳು, ಪುಸ್ತಕ ನೋಡುತ್ತ.

ಮಾಸ್ತರರು ಅಳೆದಿರುವುದು ಕರಿಹಲಗೆಯನ್ನು, ನಾನು ಅಳೆದಿರುವುದು ಭೂಮಿಯನ್ನು ಎಂದೆ. ದನಿ ಸ್ವಲ್ಪ ಗಟ್ಟಿಯಾಯಿತು ಎಂದು ಕಾಣುತ್ತದೆ. ಅಡಿಗೆಮನೆಯಿಂದ ಅಕ್ಕ ಇಣುಕಿ ನೋಡಿದಳು. ಹುಡುಗಿ ಚುಕ್ಕೆ ಅಳಿಸಿ, ನಾನು ಹೇಳಿದ ಹಾಗೆ ಎರಡು ಮೇಲೆ ಹೋಗಿ ಐದು ಪಕ್ಕಕ್ಕೆ ಇಟ್ಟಳು. ಪುಸ್ತಕದ ವಿವರಣೆಯನ್ನು ನಾನು ಓದಲಿಲ್ಲ. ಕನ್ನಡಕ ಒಳಗಿತ್ತು.

೯ ಜನವರಿ ೧೯೭೮, ಸೋಮವಾರ. ಎಳ್ಳಮಾವಾಸ್ಯೆ

ಬಂಡಿ ಕಟ್ಟಿಸಿ ಎಲ್ಲರೂ ಹೊಲಕ್ಕೆ ಹೋದೆವು. ನನ್ನನ್ನು ಹುಲ್ಲಿನ ಮೇಲೆ ಕಾಲು ಚಾಚಿ ಕೂಡಿಸಿದ್ದರು. ಹುಡುಗಿ ಕಸ್ತೂರಿ ಹಿಂದೆ ಕುಳಿತು, ಬಂಡಿ ಕುಲುಕಿದಾಗಲೆಲ್ಲ ಪ್ಲಾಸ್ಟರನ್ನು ಎರಡೂ ಕೈಯಿಂದ ಹಿಡಿದುಕೊಳ್ಳುತ್ತಿದ್ದಳು, ತುಪ್ಪದ ಗಡಿಗೆ ಹಿಡಿದ ಹಾಗೆ.

ಜೋಳ ಎದೆಯೆತ್ತರ ಬಂದಿದೆ. ಪೂಜೆಯಾಗಿ, ಭೂತಾಯಿಗೆ ಎಡೆಯೆಂದು ಹೊಲದ ತುಂಬ ಚರಗ ಚೆಲ್ಲಿದ ಮೇಲೆ ಸಜ್ಜಿ ರೊಟ್ಟಿ, ಬದನೆಕಾಯಿ ಭರತ, ಪುಂಡಿ ಪಲ್ಲೆ ಊಟ. ರಾಚಪ್ಪ ಗಿಡದ ನೆರಳಲ್ಲಿ ಮಲಗಿದ. ನನ್ನ ಚೀಲದಲ್ಲಿ ಹಳೆಯ ಅಳತೆ ಪಟ್ಟಿ ಇತ್ತು. ಬಾವಿಯಿಂದ ಬನ್ನಿ ಗಿಡದವರೆಗೆ ಗೆರೆ ಹಿಡಿದುಕೋ, ಹೊಲದ ಮೂಲೆಗಳನ್ನು ಹಾಳೆಗೆ ಇಳಿಸೋಣ ಎಂದೆ. ಅವಳು ಲಂಗ ಎತ್ತಿ ಕಟ್ಟಿಕೊಂಡು ಓಡಾಡಿದಳು. ನಾನು ಕುಳಿತಲ್ಲಿಂದ ಕೂಗಿ ಹೇಳುತ್ತಿದ್ದೆ. ಎಷ್ಟು ಚುರುಕು. ನನ್ನ ಕೈಕೆಳಗೆ ಬಂದ ಎಷ್ಟೋ ಹೊಸ ಮೋಜಣಿದಾರರಿಗೆ ಲಂಬ ಹಿಡಿಯುವುದು ಒಂದು ವರ್ಷಕ್ಕೂ ಬಂದಿಲ್ಲ. ಇವಳು ಎರಡನೇ ಸಲಕ್ಕೆ ಹಿಡಿದಳು. ಚುಕ್ಕೆಗಳನ್ನು ಕೂಡಿಸಿದಾಗ ಹಾಳೆಯ ಮೇಲೆ ಹೊಲ ಮೂಡಿತು, ಬಾವಿಯ ಕಡೆ ಒಳಕ್ಕೆ ತಿರುಗಿದ ಮೂಲೆಯ ಸಮೇತ. ಅವಳು ಹೊಲವನ್ನೊಮ್ಮೆ ಹಾಳೆಯನ್ನೊಮ್ಮೆ ನೋಡಿದಳು.

“ಅಪ್ಪಾ, ನಮ್ಮವ್ವ ನಿಮ್ಮ ಕೂಡ ಹೊಲಕ್ಕ ಬರ್ತಿದ್ಲೇನ್ರಿ, ಹಿಂಗ ಪಟ್ಟಿ ಹಿಡ್ಯಾಕ?”

ಒಮ್ಮೆ ಬಂದಿದ್ದಳು, ಬಾಗೇವಾಡಿಯಲ್ಲಿದ್ದಾಗ, ಎಂದೆ. ಆ ದಿನದ ಬಗ್ಗೆ ಅವಳು ಇನ್ನೂ ಕೇಳುತ್ತಾಳೆಂದುಕೊಂಡೆ. ಕೇಳಲಿಲ್ಲ. ನಾನಾಗಿ ಹೇಳಬಹುದಿತ್ತು. ಸಾವಂತ್ರಿ ಪಟ್ಟಿಯ ತುದಿ ಹಿಡಿದು ನಿಂತವಳು ಬಿಸಿಲಿಗೆ ನನ್ನ ಟೋಪಿ ಕೇಳಿ ಹಾಕಿಕೊಂಡಿದ್ದಳು. ಮಂದಿ ನೋಡಿ ನಕ್ಕರೆಂದು ನಾನು ಅವಳನ್ನು ಮತ್ತೆ ಕರೆದೊಯ್ಯಲಿಲ್ಲ. ಬರುವಾಗ ಬಂಡಿಯಲ್ಲಿ ಎಲ್ಲರೂ ಮಾತಾಡುತ್ತಿದ್ದರು, ಆ ಗದ್ದಲದಲ್ಲಿ ಹೇಳಲಾಗಲಿಲ್ಲ.

೩೦ ಜನವರಿ, ಸೋಮವಾರ

ಪ್ಲಾಸ್ಟರ್ ಬಿಚ್ಚಿದರು. ಕಾಲು ಸೋತು ಬಿಳುಚಿಕೊಂಡಿದೆ, ಬೇರೆ ಯಾರದೋ ಇದ್ದ ಹಾಗೆ. ಕೋಲು ಹಿಡಿದು ಶಾಲೆಯವರೆಗೆ ಹೋಗಿ ಬಂದೆ. ಶಾಲೆ ಬಿಡುವ ಹೊತ್ತಾಗಿತ್ತು, ಕಸ್ತೂರಿಯೂ ನಾನೂ ಒಟ್ಟಿಗೇ ಬಂದೆವು. ಅವಳ ಗೆಳತಿಯರು ಹಿಂದಿನಿಂದ ಏನೋ ಅಂದು ನಕ್ಕರು.

೧೩ ಫೆಬ್ರುವರಿ, ಸೋಮವಾರ

ರಜೆಯನ್ನು ಏಪ್ರಿಲ್‌ವರೆಗೆ ಮುಂದುವರಿಸಲು ಅರ್ಜಿ ಹಾಕಿದೆ. ಕಾಲು ಇನ್ನೂ ಹೊಂದಿಕೊಂಡಿಲ್ಲ. ಚುನಾವಣೆಯ ಕೆಲಸ ತಪ್ಪಿಸಿಕೊಳ್ಳಲು ನೆವ ಹೂಡಿದ್ದಾನೆಂದು ಕಚೇರಿಯಲ್ಲಿ ಆಡಿಕೊಳ್ಳುತ್ತಿದ್ದಾರಂತೆ. ಆಡಿಕೊಳ್ಳಲಿ. ನಿನ್ನೆ ಅಕ್ಕ ಹೇಳಿದಳು, ಕೋಲು ಮೂಲೆಯಲ್ಲಿಟ್ಟು ಹಿತ್ತಲಲ್ಲಿ ತಿರುಗಾಡುತ್ತಿದ್ದೆನಂತೆ. ನನಗೆ ನೆನಪಿಲ್ಲ.

ಈಗ ಎರಡು ಗೆರೆಗಳ ಲೆಕ್ಕ ನಡೆದಿದೆ. ಎರಡೂ ಎಲ್ಲಿ ಕೂಡುತ್ತವೆಂದು ಹುಡುಕುವುದು. ನನ್ನ ಕಂಪಾಸ್ ಪೆಟ್ಟಿಗೆಯನ್ನು ಇಂಡಿಯಿಂದ ತರಿಸಿ ಅವಳಿಗೆ ಕೊಟ್ಟೆ. ಗಟ್ಟಿ ಪೆನ್ಸಿಲ್, ಕೂದಲಷ್ಟು ಸಣ್ಣ ಮೊನೆ. ಗೆರೆ ಎಳೆಯುವಾಗ ಅವಳು ಉಸಿರು ಹಿಡಿಯುತ್ತಾಳೆ. ನಾನೂ ಹಾಗೆಯೇ ಮಾಡುತ್ತೇನೆಂದು ಇಷ್ಟು ವರ್ಷ ಗೊತ್ತಿರಲಿಲ್ಲ, ಅವಳೇ ತೋರಿಸಿಕೊಟ್ಟಳು.

ಇಂಡಿಯಲ್ಲಿ ಕಾಲೇಜಿದೆ. ಕ್ವಾರ್ಟರ್ಸಿನಲ್ಲಿ ಒಂದು ಕೋಣೆ ಸುಮ್ಮನೆ ಬಿದ್ದಿದೆ, ಹಳೆಯ ನಕ್ಷೆಗಳನ್ನು ತುಂಬಿದ್ದೇನೆ. ಪಾಸಾದರೆ ಅಲ್ಲಿಗೆ ಬರಬಹುದು ಎಂದೆ. ಅವಳು ಕೋಣೆಗೆ ಕಿಟಕಿ ಇದೆಯೇ ಎಂದು ಕೇಳಿದಳು. ಪೂರ್ವಕ್ಕೆ ಒಂದಿದೆ. ನಕ್ಷೆಗಳನ್ನು ಕಚೇರಿಗೆ ಸಾಗಿಸಬೇಕು. ಸುಣ್ಣ ಬಳಿಸಬೇಕು. ನೀರಿನ ಕೊಡ ಇಡಲು ಕಟ್ಟೆ ಇಲ್ಲ.

೨೮ ಮಾರ್ಚ್, ಮಂಗಳವಾರ. ಮುದ್ದೇಬಿಹಾಳ

ಪರೀಕ್ಷೆ ಇಲ್ಲಿ. ಪರಿಚಯದವರೊಬ್ಬರ ಮನೆಯಲ್ಲಿ ಇಳಿದಿದ್ದೇವೆ. ಇಂದು ಗಣಿತ. ಅವಳನ್ನು ಒಳಗೆ ಬಿಟ್ಟು ಹೊರಗಿನ ಬೇವಿನ ಮರದ ಬುಡದಲ್ಲಿ ಕುಳಿತೆ. ಮನೆಗೆ ಹೋಗಿ ಮಲಗಬಹುದಿತ್ತು, ಬಿಸಿಲು ಹಾಗಿತ್ತು. ಹೋಗಲಿಲ್ಲ. ಅವಳ ಬೆಂಚು ಕಿಟಕಿಯ ಪಕ್ಕ. ಒಂದು ಗಂಟೆಯ ಸುಮಾರಿಗೆ ಅವಳು ತಲೆಯೆತ್ತಿ ಹೊರಗೆ ನೋಡಿದಳು. ನಾನು ಕೈ ಎತ್ತಿದೆ. ಮತ್ತೆ ತಲೆ ತಗ್ಗಿಸಿ ಬರೆಯತೊಡಗಿದಳು. ಆ ಕ್ಷಣಕ್ಕಾಗಿಯೇ ಅಲ್ಲಿ ಕುಳಿತಿದ್ದೆನೇನೋ ಅನ್ನಿಸಿತು.

ಹೊರಗೆ ಬಂದವಳು ಗ್ರಾಫ್ ಬಂದಿತ್ತು ಎಂದಳು, ಎಂಟು ಅಂಕಕ್ಕೆ. ಹೇಗೆ ಬರೆದೆ ಎಂದೆ.

“ನೀವು ಹೇಳಿದಂಗ ಬರದೇನ್ರಿ.”

ಹೋಟೆಲಿನಲ್ಲಿ ಪೇಡೆ ಕೊಡಿಸಿದೆ. ಅರ್ಧ ತಿಂದು ಅರ್ಧ ಕಾಗದದಲ್ಲಿ ಸುತ್ತಿಟ್ಟುಕೊಂಡಳು. ದಣಿದಿರಬೇಕು, ದಾರಿಯುದ್ದಕ್ಕೂ ಮಾತಾಡಲಿಲ್ಲ.

೨ ಏಪ್ರಿಲ್, ಭಾನುವಾರ. ನಾಲತವಾಡ

ಪರೀಕ್ಷೆಯ ಗ್ರಾಫನ್ನು ಕಸ್ತೂರಿಯ ಕೈಯಿಂದ ಮತ್ತೊಮ್ಮೆ ತೆಗೆಸಿ, ಹಾಳೆ ಮಡಚಿಕೊಂಡು ಅವಳ ಗಣಿತದ ಮಾಸ್ತರ ಫಕೀರಸಾಬರ ಮನೆಗೆ ಹೋದೆ. ನಿಜ ಹೇಳಬೇಕೆಂದರೆ ತೋರಿಸಿಕೊಳ್ಳಲು ಹೋದೆ.

ಅವರು ಚಹಾ ತರಿಸಿದರು. ಹಾಳೆ ಬಿಡಿಸಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಮೂಲೆಯಿಂದ ಮೂಲೆಗೆ ತಿರುವಿ, ಬೆನ್ನಿನ ಕಡೆಯಿಂದ ಕಿಟಕಿಯ ಬೆಳಕಿಗೆ ಹಿಡಿದರು.

“ಈಗ ಬರೋಬ್ಬರಿ ಐತಿ ನೋಡ್ರಿ, ಸಾಹೇಬ್ರ” ಎಂದರು. “ಆದ್ರ ಪೇಪರ್ ತಪಾಸ ಮಾಡಾಂವ ಹಿಂಗ ಬೆಳಕಿಗೆ ಹಿಡದು ನೋಡೂದಿಲ್ರಿ.”

ನನಗೆ ತಿಳಿಯಲಿಲ್ಲ. ಅವರು ತಾಳ್ಮೆಯಿಂದ, ಹುಡುಗರಿಗೆ ಹೇಳುವ ಹಾಗೆ ಹೇಳಿದರು. ಎರಡು, ಐದು ಎಂದರೆ ಎರಡು ಅಡ್ಡ, ಐದು ಮೇಲೆ. ಎಲ್ಲ ಪುಸ್ತಕದಲ್ಲೂ ಹಾಗೆಯೇ. ಇಲ್ಲಿ ಪ್ರತಿಯೊಂದು ಚುಕ್ಕೆಯೂ ತಿರುವುಮುರುವಾಗಿದೆ. ಎರಡೂ ಗೆರೆ ತಪ್ಪು ಜಾಗದಲ್ಲಿ ಕೂಡಿವೆ. ಕಡೆಯ ಉತ್ತರಕ್ಕೆ ಒಂದು ಅಂಕ ಬಿದ್ದರೆ ಬಿತ್ತು.

“ನನಗ ತಿಳಿವಲ್ದು” ಎಂದರು. “ಫೆಬ್ರುವರಿದಾಗ ಬೋರ್ಡಿನ ಮ್ಯಾಲ ಆಕೀನ ತಗದು ತೋರಿಸ್ಯಾಳ್ರಿ, ಒಂದು ಚುಕ್ಕಿ ತಪ್ಪಿರಲಿಲ್ಲ. ಮನ್ಯಾಗ ಯಾರರೆ ಬ್ಯಾರೆ ಹೇಳಿಕೊಟ್ರೇನು?”

ಗೊತ್ತಿಲ್ಲ ಎಂದೆ.

೩ ಏಪ್ರಿಲ್

ಇಂಡಿಗೆ ಹೊರಟೆ. ಯಾರಿಗೂ ಏನೂ ಹೇಳಲಿಲ್ಲ.

೧೮ ಮೇ, ಗುರುವಾರ. ಇಂಡಿ

ಫಲಿತಾಂಶ. ಗಣಿತ ಮೂವತ್ತೊಂದು. ಮೂವತ್ತೈದು ಬೇಕಿತ್ತು.

ಸುಣ್ಣ ಬಳಿಯುವವನು ಇಂದೇ ಬಂದಿದ್ದ. ವಾಪಸ್ಸು ಕಳಿಸಿದೆ.

೨೧ ಮೇ, ಭಾನುವಾರ. ನಾಲತವಾಡ

ಮುಂದಿನ ವಾರ ಕನ್ನೊಳ್ಳಿಯವರು ಮಾತುಕತೆಗೆ ಬರುತ್ತಾರೆ ಎಂದು ಅಕ್ಕ ಕಾಗದ ಬರೆಸಿದ್ದಳು. ನಿನ್ನೆ ಸಂಜೆ ಇಲ್ಲಿಗೆ ಬಂದೆ. ರಾಚಪ್ಪ ತನ್ನ ಕಿರಾಣಿ ಅಂಗಡಿಯಲ್ಲಿ ಗಿರಾಕಿ ಇಲ್ಲದೆ ಕುಳಿತಿದ್ದ. ನಾಲ್ಕು ಅಂಕ ಹೋದದ್ದು ಹುಡುಗಿಯಿಂದಲ್ಲ, ನನ್ನಿಂದ ಎಂದು ಹೇಳಿದೆ. ಹೊಲದ ಪದ್ಧತಿಯನ್ನು ಪುಸ್ತಕದ ಪದ್ಧತಿಯೆಂದು ಕಲಿಸಿದೆ, ಅವಳು ತಕರಾರು ತೆಗೆದರೂ ಕೇಳಲಿಲ್ಲ ಎಂದೆ. ಅಕ್ಟೋಬರದಲ್ಲಿ ಮತ್ತೊಮ್ಮೆ ಪರೀಕ್ಷೆಗೆ ಕೂಡಿಸು, ಅಲ್ಲಿಯವರೆಗೆ ಲಗ್ನದ ಮಾತು ಬೇಡ ಎಂದು ಕೇಳಿಕೊಂಡೆ. ಯಾರ ಮುಂದೆಯೂ ಹಾಗೆ ಕೇಳಿಕೊಂಡ ನೆನಪಿಲ್ಲ.

ಅವನು ತಕ್ಕಡಿಯ ಬಟ್ಟಲು ಒರೆಸುತ್ತಿದ್ದ. ಒರೆಸುವುದನ್ನು ನಿಲ್ಲಿಸಲಿಲ್ಲ.

“ಒಂದು ತಪ್ಪು ಕಲಿಸಿದೆ ಅಂತ ಇಂಡಿಯಿಂದ ಓಡಿ ಬಂದೀದಿ” ಎಂದ. “ಹನ್ನೊಂದು ವರ್ಷ ಏನೂ ಕಲಿಸಲಿಲ್ಲಲ್ಲ ಬಸಂತರಾಯ, ಅದಕ್ಕೇನಂತಿ?”

ಬಟ್ಟಲನ್ನು ತಕ್ಕಡಿಗೆ ತೂಗುಹಾಕಿ ಅವನೇ ಹೇಳಿದ: ಅಕ್ಟೋಬರದ ಪರೀಕ್ಷೆಗೆ ಕಟ್ಟಲಿ. ಕನ್ನೊಳ್ಳಿಯವರಿಗೆ ರಿಝಲ್ಟ್ ಬರುವ ತನಕ ತಡೆಯಲು ಹೇಳುತ್ತೇನೆ. ಅದರಾಚೆ ನನ್ನ ಮಾತೂ ನಡೆಯುವುದಿಲ್ಲ, ನಿನ್ನದೂ ನಡೆಯುವುದಿಲ್ಲ.

ಇಂದು ಬೆಳಿಗ್ಗೆ ಹಿತ್ತಲಲ್ಲಿ ಮಗಳು ಜೋಳ ಹಸನು ಮಾಡುತ್ತಿದ್ದಳು. ಎದುರಿಗೆ ಕಲ್ಲಿನ ಮೇಲೆ ಕುಳಿತೆ. ಪರೀಕ್ಷೆಯಲ್ಲಿ ಬರೆಯುವಾಗ ಅದು ತಪ್ಪೆಂದು ಗೊತ್ತಿತ್ತೇ ಎಂದು ಕೇಳಿದೆ.

“ಗೊತ್ತಿತ್ರಿ.”

ಎಂದಿನಿಂದ?

“ಮೊದಲಿಂದ. ಸಾಲ್ಯಾಗ ಮಾಸ್ತರ್ರ ಹಂಗ ಬರೀತಿದ್ದೆ, ಮನ್ಯಾಗ ನಿಮ್ಮಂಗ.”

ಮರದಿಂದ ಮಾವಿನಕಾಯಿಯೊಂದು ಬಿತ್ತು. ಅವಳು ಎತ್ತಿ ಪಕ್ಕಕ್ಕಿಟ್ಟಳು. ಹಾಗಾದರೆ ಪರೀಕ್ಷೆಯಲ್ಲಿ ಯಾಕೆ ಎಂದು ಕೇಳಬೇಕಾಗಿತ್ತು. ಕೇಳಲಿಲ್ಲ, ಅವಳೇ ಹೇಳಿದಳು, ಮೊರದ ಮೇಲಿನ ಕಣ್ಣು ತೆಗೆಯದೆ.

“ಮೊದಲ ಮಾಸ್ತರ್ರ ಹಂಗ ತಗದಿದ್ದೆ. ಎಲ್ಲಾ ಮುಗದಿತ್ತು. ಹೊರಗ ನೋಡಿದೆ. ಅಷ್ಟು ಬಿಸಲಾಗ ಕಾಲು ಚಾಚಿಕೊಂಡು ಕುಂತಿದ್ರಿ. ಕೈ ಎತ್ತಿದ್ರಿ.” ಒಂದು ಕಲ್ಲು ಆರಿಸಿ ಹೊರಗೆಸೆದಳು. “ಅಳಸಿಬಿಟ್ಟೆ.”

ಅಕ್ಟೋಬರದ ಮಾತು ಹೇಳಿದೆ. ಫಕೀರಸಾಬ ಮಾಸ್ತರರ ಹತ್ತಿರ ಮೊದಲಿನಿಂದ ಹೇಳಿಸಿಕೋ, ಅವರಿಗೆ ನಾನೇ ಎಲ್ಲ ತಿಳಿಸುತ್ತೇನೆ, ಪರೀಕ್ಷೆಗೆ ರಜೆ ಹಾಕಿ ನಾನು ಬರುತ್ತೇನೆ ಎಂದೆ. ಅವಳು ಮೊರ ಕೆಳಗಿಟ್ಟಳು. ಮೊದಲ ಸಲ ನೆಟ್ಟಗೆ ನನ್ನ ಮುಖ ನೋಡಿದಳು. ಸಾವಂತ್ರಿಯ ಹಣೆ. ಇಷ್ಟು ದಿನ ಎದುರಿಗೆ ಕುಳಿತು ಅವಳ ಕೈಯನ್ನಷ್ಟೇ ನೋಡಿದ್ದೆ.

“ನೀ ಬರಬ್ಯಾಡಪ್ಪ” ಎಂದಳು. “ಪರೀಕ್ಷಾ ಮುಗಿಯೂ ತನಕ ಈ ಕಡೆ ಬರಬ್ಯಾಡ. ನೀ ಬಂದ್ರ ಮತ್ತ ಅಳಸ್ತೇನಿ.”

೧೬ ಜುಲೈ, ಭಾನುವಾರ. ಇಂಡಿ

ಬಿಡುವಿನ ದಿನ. ನಾಲತವಾಡಕ್ಕೆ ಹೋಗಲಿಲ್ಲ. ಫಕೀರಸಾಬ ಮಾಸ್ತರರ ಕಾರ್ಡು ಬಂದಿದೆ. ಅಭ್ಯಾಸ ಚೆನ್ನಾಗಿ ನಡೆದಿದೆಯಂತೆ. ನನ್ನ ಪತ್ರದಲ್ಲಿ ಕ್ಷಮೆ ಕೇಳಿದ್ದಕ್ಕೆ ಏನೂ ಬರೆದಿಲ್ಲ. ಸಾವಂತ್ರಿ ಟೋಪಿ ಹಾಕಿಕೊಂಡ ದಿನದ ಬಗ್ಗೆ ಕಸ್ತೂರಿಗೆ ಒಂದು ಕಾಗದ ಬರೆದೆ, ನಾಲ್ಕು ಪುಟ. ಓದಿ ನೋಡಿ ಪೆಟ್ಟಿಗೆಯಲ್ಲಿಟ್ಟೆ. ಪರೀಕ್ಷೆಯ ಮೊದಲು ಕಳಿಸುವುದು ಬೇಡ.

೧೦ ಅಕ್ಟೋಬರ್, ಮಂಗಳವಾರ

ಇಂದು ಗಣಿತ, ಹನ್ನೊಂದರಿಂದ ಒಂದೂವರೆಯವರೆಗೆ.

ಬೆಳಿಗ್ಗೆ ಆರಕ್ಕೆ ಸ್ಟ್ಯಾಂಡಿಗೆ ಹೋದೆ. ಮುದ್ದೇಬಿಹಾಳದ ಕಡೆಯ ಬಸ್ಸು ನಿಂತಿತ್ತು. ಕಂಡಕ್ಟರ್ ಪರಿಚಯದವನು, ಬರ್ತೀರೇನ್ರಿ ಎಂದು ಎರಡು ಸಲ ಕೇಳಿದ. ಬಸ್ಸು ಹೋದ ಮೇಲೆ ಚಹಾ ಕುಡಿದು ಕೆಲಸಕ್ಕೆ ನಡೆದೆ.

ಊರಾಚೆಯ ಒಂದು ಹೊಲ, ಅಣ್ಣತಮ್ಮಂದಿರ ಪಾಲು. ಹತ್ತೂವರೆಯವರೆಗೆ ಅರ್ಧ ಅಳೆದಿದ್ದೆವು. ಆಮೇಲೆ ನಿಲ್ಲಿಸಲು ಹೇಳಿದೆ. ಸರಪಳಿ ಎಳೆಯುವ ಹಾಜಿಮಲಂಗ, ನನಗಿಂತ ದೊಡ್ಡವನು, ಬಂದು ಪಕ್ಕದಲ್ಲಿ ಕುಳಿತ. ಕಾಲು ನೋಯುತ್ತಿದೆಯೇ ಎಂದು ಕೇಳಿದ. ಇಲ್ಲ, ಮಗಳ ಪರೀಕ್ಷೆ ನಡೆದಿದೆ ಎಂದೆ.

“ಹಂಗಾರ ನೀವು ಅಲ್ಲಿರಬೇಕಿತ್ತಲ್ರಿ, ಸಾಹೇಬ್ರ.”

“ಇರಬ್ಯಾಡ ಅಂದಾಳ.”

ಅವನು ತಂಬಾಕು ತೀಡಿಕೊಂಡ. ಬಿಸಿಲು ತಲೆಯ ಮೇಲೆ ಬಂದು ನಿಂತಿತು. ಒಂದೂವರೆಯವರೆಗೆ ಕುಳಿತಿದ್ದು, ಎದ್ದು, ಉಳಿದ ಅರ್ಧ ಅಳೆದೆವು.